ಮಳೆಗೆ ಮುಂಚೆ ತಗಡು

ನೇಪಾಳದ ಭೂಕಂಪ ಅಂದರೆ ಎಲ್ಲರಿಗೂ ನೆನಪಾಗುವ ತಾರೀಕು 2015ರ ಏಪ್ರಿಲ್ 25. ನಾವು ಅಲ್ಲಿ ಕೆಲಸ ಮಾಡುವಾಗ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟುಕೊಂಡಿದ್ದ ತಾರೀಕು ಜೂನ್ 10. ಆಗಿನ ಲೆಕ್ಕದಲ್ಲಿ ಮುಂಗಾರು ನೇಪಾಳ ಮುಟ್ಟುವುದು ಹೆಚ್ಚುಕಮ್ಮಿ ಅವತ್ತು. ಕೆಲವು ದಿನ ಹಿಂದೆ ಮುಂದೆ ಆಗಬಹುದು. ವರ್ಷದ ಮಳೆಯಲ್ಲಿ ನೂರಕ್ಕೆ ಎಂಬತ್ತು ಪಾಲು ಅಲ್ಲಿಂದ ಸೆಪ್ಟೆಂಬರ್ ಕೊನೆಯೊಳಗೆ ಸುರಿದು ಮುಗಿಯುತ್ತದೆ. ಪೂರ್ತಿ ನೆಲಕ್ಕೆ ಬಿದ್ದ ಮನೆಗಳೇ ಸುಮಾರು ಐದು ಲಕ್ಷ. ಅಷ್ಟು ಕುಟುಂಬಗಳಿಗೆ ಆರೇಳು ವಾರದೊಳಗೆ ಒಂದು ಸೂರು ಆಗಬೇಕಿತ್ತು.

ನಾನು ತೀರ್ಥಹಳ್ಳಿ ಕಡೆಯವಳು. ಆಗ ಬೆಂಗಳೂರಿನ ಒಂದು ಚಿಕ್ಕ ಸಂಸ್ಥೆಯಲ್ಲಿ ಲೆಕ್ಕಪತ್ರ ಮತ್ತು ಸ್ಟೋರು ನೋಡಿಕೊಳ್ಳುತ್ತಿದ್ದೆ. ನೇಪಾಳದ ಒಂದು ಸಂಸ್ಥೆ ನಮ್ಮವರಿಗೆ ಪರಿಚಯ. ಅವರು ಜನ ಕೇಳಿದಾಗ ನನ್ನನ್ನು ಕಳಿಸಿದರು. ಕಾಠ್ಮಂಡುವಿನಲ್ಲಿ ಆಗ ಡಾಕ್ಟರುಗಳು, ರಕ್ಷಣಾ ತಂಡಗಳು, ಕ್ಯಾಮೆರಾದವರು ಬೇಕಾದಷ್ಟು ಇದ್ದರು. ಮೂಟೆ ಎಣಿಸಿ ರಿಜಿಸ್ಟರ್ ಬರೆಯುವವರೇ ಸಿಗುತ್ತಿರಲಿಲ್ಲ. ನಾನು ಹೋಗಿದ್ದು ಮೇ 12ರ ಎರಡನೇ ದೊಡ್ಡ ಕಂಪನದ ನಂತರ. ಮೊದಲನೆಯದು ಗೋರ್ಖಾ ಜಿಲ್ಲೆಯ ಬಾರ್ಪಾಕ್ ಹತ್ತಿರ ಎದ್ದ 7.8ರದ್ದು. ಎರಡನೆಯದು 7.3, ದೋಲಖಾ ಮತ್ತು ಸಿಂಧುಪಾಲ್ಚೋಕ್ ಜಿಲ್ಲೆಗಳ ಗಡಿಯಲ್ಲಿ. ಮೊದಲನೆಯದಕ್ಕೆ ಬಿರುಕು ಬಿಟ್ಟು ಹೇಗೋ ನಿಂತಿದ್ದ ಮನೆಗಳನ್ನು ಎರಡನೆಯದು ಉರುಳಿಸಿತು. ಅಷ್ಟು ಹೊತ್ತಿಗೆ ಧೈರ್ಯ ಮಾಡಿ ಮನೆಯೊಳಗೆ ಮಲಗಲು ಶುರು ಮಾಡಿದ್ದವರೂ ಮತ್ತೆ ಗದ್ದೆಗೆ ಬಂದರು.

ನಮಗೆ ಸಿಕ್ಕಿದ್ದು ಸಿಂಧುಪಾಲ್ಚೋಕ್. ದೇಶದಲ್ಲಿ ಸತ್ತ ಸುಮಾರು ಒಂಬತ್ತು ಸಾವಿರ ಜನರಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಪಾಲು ಈ ಒಂದೇ ಜಿಲ್ಲೆಯವರು. ಕಲ್ಲು ಮತ್ತು ಮಣ್ಣಿನ ಗೋಡೆ, ಮೇಲೆ ಕಲ್ಲುಹಾಸಿನ ಇಲ್ಲವೇ ತಗಡಿನ ಮಾಡು. ಗೋಡೆ ಹೊರಕ್ಕೆ ಬಿದ್ದರೆ ಜನ ಉಳಿದರು, ಒಳಕ್ಕೆ ಬಿದ್ದರೆ ಇಲ್ಲ. ಅವತ್ತು ಶನಿವಾರ, ನೇಪಾಳದಲ್ಲಿ ವಾರದ ರಜೆ. ಸಾವಿರಾರು ಶಾಲೆ ಕೊಠಡಿಗಳು ಬಿದ್ದವು, ಒಳಗೆ ಮಕ್ಕಳಿರಲಿಲ್ಲ. ಮಧ್ಯಾಹ್ನಕ್ಕೆ ನಾಲ್ಕು ನಿಮಿಷ ಬಾಕಿ ಇತ್ತಂತೆ. ದುಡಿಯುವವರೆಲ್ಲ ಹೊಲದಲ್ಲಿ. ಮನೆಯೊಳಗೆ ಇದ್ದವರು ಮುದುಕರು, ಎಳೆಕೂಸುಗಳು, ಬಾಣಂತಿಯರು.

ನಮ್ಮ ಡೇರೆ ಇದ್ದದ್ದು ಜಿಲ್ಲಾ ಕೇಂದ್ರ ಚೌತಾರಾದಲ್ಲಿ. ಹಂಚುವ ಜಾಗ ಬಲೆಫಿಯಿಂದ ಒಳಕ್ಕೆ, ಜಲಬಿರೆ ಕಡೆಯ ಗುಡ್ಡದ ವಾರ್ಡುಗಳು. ಮಾತು ಹಿಂದಿಯಲ್ಲಿ ನಡೆಯುತ್ತಿತ್ತು. ಅಲ್ಲಿ ಹೆಚ್ಚಿನವರು ತಮಾಂಗ್ ಜನ. ವಯಸ್ಸಾದವರಿಗೆ ನೇಪಾಳಿಯೇ ಅಷ್ಟಕ್ಕಷ್ಟೆ. ಅದಕ್ಕೆ ಅದೇ ಊರಿನ ಕಾಲೇಜು ಓದುವ ಹುಡುಗಿಯೊಬ್ಬಳು ನನ್ನ ಜೊತೆಗೆ ಬಂದಳು. ನನಗೆ 'ದಿದಿ' ಅನ್ನುತ್ತಿದ್ದಳು. ಊರಿನ ಅಜ್ಜಂದಿರಿಗೆಲ್ಲ ನಾನು 'ನಾನಿ', ಅಂದರೆ ಮಗು.

ಮೊದಲ ಕೆಲಸ ಪಟ್ಟಿ, ಮಾಡಿಗೆ ಹೊದಿಸುವ ತಗಡು ಯಾರಿಗೆ ಕೊಡಬೇಕು ಅನ್ನುವುದು. ಹೊರಗಿನಿಂದ ನೋಡುವವರಿಗೆ ಇದು ಗುಮಾಸ್ತರ ಕೆಲಸ ಅನಿಸುತ್ತದೆ, ಅಲ್ವಾ? ನನ್ನ ಪ್ರಕಾರ ಇಡೀ ಪರಿಹಾರದಲ್ಲಿ ಅತಿ ಕಷ್ಟದ್ದು ಇದೇ. ಆಗಿನ್ನೂ ನೇಪಾಳದಲ್ಲಿ ಗಾವಿಸ ಅಂತ ಇದ್ದವು, ನಮ್ಮ ಗ್ರಾಮ ಪಂಚಾಯತಿಯ ಹಾಗೆ. ಒಂದೊಂದರಲ್ಲೂ ಒಂಬತ್ತು ವಾರ್ಡು. ಆದರೆ 2002ರಿಂದ ಅವುಗಳಲ್ಲಿ ಚುನಾಯಿತ ಸದಸ್ಯರೇ ಇರಲಿಲ್ಲ. ಇದ್ದದ್ದು ಸರಕಾರದ ಒಬ್ಬ ಕಾರ್ಯದರ್ಶಿ ಮತ್ತು ಎಲ್ಲ ಪಕ್ಷದವರ ಒಂದು ಸಭೆ. ಯಾರ ಮನೆ ಬಿದ್ದಿದೆ ಎಂದು ಎದೆ ತಟ್ಟಿ ಹೇಳುವ ವಾರ್ಡ್ ಸದಸ್ಯ ಅನ್ನುವವನೇ ಇಲ್ಲ. ಪಕ್ಷಕ್ಕೊಂದು ಪಟ್ಟಿ ಇತ್ತು, ಒಂದಕ್ಕೊಂದು ತಾಳೆ ಆಗುತ್ತಿರಲಿಲ್ಲ.

ಇನ್ನು, ಒಂದು ಕುಟುಂಬ ಅಂದರೆ ಯಾವುದು? ಒಂದೇ ಮನೆಯಲ್ಲಿ ಮೂವರು ಅಣ್ಣತಮ್ಮಂದಿರು, ಮೂರು ಒಲೆ. ಮನೆ ಲೆಕ್ಕ ಹಿಡಿದರೆ ಒಂದೇ ಬಂಡಲ್ ತಗಡು, ಹದಿನಾರು ಜನಕ್ಕೆ. ಒಲೆ ಲೆಕ್ಕ ಹಿಡಿದರೆ ಮೂರು. ಒಲೆಯೇ ಸರಿ ಎಂದು ತೀರ್ಮಾನ ಆದ ಮೇಲೆ ವಾರದೊಳಗೆ ಹೊಸ ಒಲೆಗಳು ಹುಟ್ಟಿಕೊಂಡವು. ಮೊನ್ನೆ ಮೊನ್ನೆ ಅಪ್ಪನ ಜೊತೆ ಉಂಡ ಮಗ ಇವತ್ತು ಬೇರೆ ಮೂರು ಕಲ್ಲು ಇಟ್ಟುಕೊಂಡಿದ್ದಾನೆ. ತಪ್ಪು ಅಂತ ನನಗೇನೂ ಅನಿಸಲಿಲ್ಲ. ಆದರೂ ತಗಡು ಲೆಕ್ಕದ್ದು. ಏಪ್ರಿಲ್ 25ಕ್ಕೆ ಮುಂಚೆ ಯಾರ ಒಲೆ ಬೇರೆ ಇತ್ತೋ ಅವರಿಗೆ ಮಾತ್ರ ಅಂತ ಮಾಡಿದೆವು. ಅದಕ್ಕೆ ಸಾಕ್ಷಿ ಯಾರು? ಅಕ್ಕಪಕ್ಕದವರು. ಅರಳಿಕಟ್ಟೆಯ ಮೇಲೆ ನಿಂತು ಇಡೀ ಪಟ್ಟಿ ಗಟ್ಟಿಯಾಗಿ ಓದುವುದು. ಸುಳ್ಳು ಹೆಸರು ಬಂದರೆ ಜನ ನಗುತ್ತಿದ್ದರು. ಆ ನಗುವೇ ಸಾಕಾಗುತ್ತಿತ್ತು. ಯಾವ ಅರ್ಜಿ ಫಾರಂಗಿಂತಲೂ ಅದು ಚೆನ್ನಾಗಿ ಕೆಲಸ ಮಾಡಿತು.

ಓದಿದಾಗ ಬಿಟ್ಟುಹೋದವರೂ ಗೊತ್ತಾಗುತ್ತಿದ್ದರು. ಗಂಡ ಕತಾರ್‌ನಲ್ಲೋ ಮಲೇಶಿಯಾದಲ್ಲೋ ದುಡಿಯುತ್ತಿದ್ದಾನೆ, ಜಮೀನಿನ ಕಾಗದ ಅವನ ಹೆಸರಲ್ಲಿ, ಅವಳ ಪೌರತ್ವದ ಪತ್ರ ಮನೆಯ ಮಣ್ಣಿನಡಿ. ಅಂಥ ಹೆಂಗಸರು ಪ್ರತಿ ವಾರ್ಡಿನಲ್ಲೂ ಇದ್ದರು. ಇಬ್ಬರು ನೆರೆಯವರ ಸಾಕ್ಷಿ, ಒಂದು ಹೆಬ್ಬೆಟ್ಟು ಸಾಕು ಎಂದು ನಾವು ಒಪ್ಪಿಕೊಂಡೆವು. ಸರಕಾರ ತಾತ್ಕಾಲಿಕ ಸೂರಿಗೆ ಎಂದು ಕುಟುಂಬಕ್ಕೆ 15,000 ನೇಪಾಳಿ ರೂಪಾಯಿ ಕೊಡುತ್ತಿತ್ತು, ನಮ್ಮ ಲೆಕ್ಕದಲ್ಲಿ ಒಂಬತ್ತು ಸಾವಿರ ಚಿಲ್ಲರೆ. ಅಲ್ಲಿ ಕಾಗದ ಬೇಕೇ ಬೇಕು. ಇನ್ನು ದಲಿತರ ಕೇರಿ ಯಾವಾಗಲೂ ವಾರ್ಡಿನ ಕೊನೆಯಲ್ಲಿ, ಪಟ್ಟಿಯಲ್ಲೂ ಕೊನೆಯಲ್ಲಿ. ಸಾಮಾನು ಮುಗಿಯುವುದೂ ಅಲ್ಲಿಗೆ ಬರುವಷ್ಟರಲ್ಲೇ. ಹಾಗಾಗಿ ನಾವು ಎಣಿಕೆಯನ್ನು ಆ ತುದಿಯಿಂದ ಶುರು ಮಾಡಿದೆವು. ಕೆಲವರಿಗೆ ಇದು ಹಿಡಿಸಲಿಲ್ಲ, ಚಹಾ ಕೊಡುವುದನ್ನು ನಿಲ್ಲಿಸಿದರು.

ಟಾರ್ಪಾಲು ಮೊದಲ ವಾರಗಳಲ್ಲೇ ಬಂದಿತ್ತು. ನೀಲಿ, ಕೇಸರಿ, ಬಿಳಿ, ಗುಡ್ಡದ ತುಂಬ. ಟಾರ್ಪಾಲಿನ ಆಯಸ್ಸು ಎಷ್ಟು ಅಂತ ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಪಾಟಾಗಿ ಕಟ್ಟಿದರೆ ನೀರು ನಿಂತು ಹೊಟ್ಟೆ ಬಿಡುತ್ತದೆ. ಗೂಟದ ಹತ್ತಿರ ಹರಿಯುತ್ತದೆ. ಬಿಸಿಲಿಗೆ ಒಣಗಿದ್ದು ಆಷಾಢದ ಗಾಳಿಗೆ ಚಿಂದಿ. ಮಲೆನಾಡಲ್ಲಿ ಅದನ್ನು ಸೌದೆ ರಾಶಿಗೆ ಹೊದಿಸುತ್ತೇವೆ, ಮನುಷ್ಯರಿಗಲ್ಲ. ಊರಿನವರೂ ಅದನ್ನೇ ಹೇಳುತ್ತಿದ್ದರು. ಅಕ್ಕಿ ಕೊಡಿ, ಕಂಬಳಿ ಕೊಡಿ ಅಂತ ಕೇಳಿದವರಿಗಿಂತ 'ಜಸ್ತಾ ಪಾತಾ ಯಾವಾಗ ಬರುತ್ತದೆ' ಅಂತ ಕೇಳಿದವರೇ ಜಾಸ್ತಿ. ಜಸ್ತಾ ಪಾತಾ ಅಂದರೆ ಸತು ಹಚ್ಚಿದ ಸುಕ್ಕುತಗಡು. ಕಂಬ, ಗಳು, ಬಿದಿರು ಅವರ ಹತ್ತಿರವೇ ಇತ್ತು. ಬಿದ್ದ ಮನೆಯ ಮರವನ್ನು ಅವರೇ ಎಳೆದು ತೆಗೆಯುತ್ತಿದ್ದರು. ಮೇಲಿನ ಹೊದಿಕೆ ಒಂದೇ ಬೇಕಿದ್ದದ್ದು. ಬಿದಿರನ್ನು ಕಮಾನಿನಂತೆ ಬಗ್ಗಿಸಿ ತಗಡನ್ನು ಅದರ ಮೇಲೆ ಬಾಗಿಸಿದರೆ ಗೋಡೆಯೂ ಅದೇ, ಮಾಡೂ ಅದೇ. ಆ ವರ್ಷ ನೇಪಾಳದ ಗುಡ್ಡಗಳಲ್ಲಿ ಇಂಥ ಅರ್ಧಗೋಲದ ಗುಡಿಸಲುಗಳು ಸಾಲುಸಾಲಾಗಿ ಎದ್ದವು.

ತಗಡು ಕೊಳ್ಳುವುದೂ ಒಂದು ಕಲಿಕೆ. ಅಲ್ಲಿ ಅದು ಬಂಡಲ್ ಲೆಕ್ಕ, ಎಲ್ಲ ಹಾಳೆ ಸೇರಿ 72 ಅಡಿ ಉದ್ದ. ದಪ್ಪಕ್ಕೆ ಗೇಜ್ ಲೆಕ್ಕ. ನಂಬರು ಏರಿದಷ್ಟೂ ತಗಡು ತೆಳು. ನಾವು ಕೇಳಿದ್ದು 26 ಗೇಜಿನದು, 0.4 ಮಿಲಿಮೀಟರ್ ಆಸುಪಾಸು. ಒಬ್ಬ ವ್ಯಾಪಾರಿ ತೋರಿಸಿದ ಸ್ಯಾಂಪಲ್ ಸರಿಯಾಗಿಯೇ ಇತ್ತು. ಲಾರಿಯಲ್ಲಿ ಬಂದದ್ದು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಕಾಗದದಂತೆ ಸದ್ದು ಮಾಡುತ್ತಿತ್ತು. ಮೈಕ್ರೋಮೀಟರ್ ಇಟ್ಟು ನೋಡಿ ಲಾರಿ ವಾಪಸ್ ಕಳಿಸಿದೆವು. ವಾರ ಹೋಯಿತು. ಮೇ ಕೊನೆಯಲ್ಲಿ ಒಂದು ವಾರ ಅಂದರೆ ಏನು ಅಂತ ಅವನಿಗೂ ಗೊತ್ತಿತ್ತು, ಅದನ್ನೇ ನಂಬಿಕೊಂಡಿದ್ದ ಅನಿಸುತ್ತದೆ. ಇಡೀ ದೇಶವೇ ತಗಡು ಹುಡುಕುತ್ತಿದ್ದ ಹೊತ್ತು ಅದು. ಹೊರದೇಶದ ಸಾಮಾನು ಇಳಿಯಲು ಕಾಠ್ಮಂಡುವಿನಲ್ಲಿ ಇದ್ದದ್ದು ಒಂದೇ ರನ್‌ವೇ. ಅದೂ ಹಾನಿಯಾಗಿ ಮೇ ಮೊದಲ ವಾರ ದೊಡ್ಡ ವಿಮಾನಗಳನ್ನು ನಿಲ್ಲಿಸಿದ್ದರು. ಉಳಿದದ್ದೆಲ್ಲ ಭಾರತದ ಗಡಿಯಿಂದ ಲಾರಿಯಲ್ಲೇ ಬರಬೇಕು.

ಹಾಳೆಯ ಉದ್ದದ ಬಗ್ಗೆಯೂ ಒಂದು ಮಾತು. ಕಾಠ್ಮಂಡುವಿನಲ್ಲಿ ಕೂತವರಿಗೆ 12 ಅಡಿಯ ಹಾಳೆ ಒಳ್ಳೆಯದು ಅನಿಸಿತ್ತು, ಜೋಡಣೆ ಕಡಿಮೆ, ಸೋರುವುದು ಕಡಿಮೆ. ಗುಡ್ಡದ ಕಾಲುದಾರಿಯ ತಿರುವಿನಲ್ಲಿ ಅದು ತಿರುಗುವುದೇ ಇಲ್ಲ. ಗಾಳಿ ಬಂದರೆ ಹೊತ್ತವರನ್ನೇ ಎಳೆದುಕೊಂಡು ಹೋಗುತ್ತದೆ. ಬಲೆಫಿಯ ಒಬ್ಬ ಹಮಾಲಿ ಅಣ್ಣ ಇದನ್ನು ಒಂದೇ ಮಾತಲ್ಲಿ ಹೇಳಿದ: 'ಒಂಬತ್ತು ಅಡಿ ತನ್ನಿ, ಇಲ್ಲ ಹೆಲಿಕಾಪ್ಟರ್ ತನ್ನಿ.' ಒಂಬತ್ತು ಅಡಿಯದೇ ತಂದೆವು.

ಜೊತೆಗೆ ಒಂದು ಚೀಲ: ಸುತ್ತಿಗೆ, ಗರಗಸ, ತಗಡು ಕತ್ತರಿಸುವ ಕತ್ತರಿ, ತಂತಿ, ವಾಷರ್ ಇರುವ ಮೊಳೆ, ದಪ್ಪ ಕೈಗವಸು. ಕೈಗವಸು ಯಾಕೆ ಎಂದು ಕೇಳಿದವರಿಗೆ ಆರೋಗ್ಯ ಡೇರೆಯಲ್ಲಿ ಹೊಲಿಗೆ ಹಾಕಿಸಿಕೊಂಡ ಕೈಗಳನ್ನು ತೋರಿಸಬೇಕಿತ್ತು. ಮೊಳೆ ಎಲ್ಲಿ ಹೊಡೆಯಬೇಕು ಎಂಬುದನ್ನು ಪ್ರತಿ ವಾರ್ಡಿನಲ್ಲೂ ಹೇಳಿದೆವು. ಸುಕ್ಕಿನ ಏರಿನಲ್ಲಿ ಹೊಡೆಯಬೇಕು, ತಗ್ಗಿನಲ್ಲಿ ಹೊಡೆದರೆ ನೀರು ಅಲ್ಲಿಂದಲೇ ಇಳಿಯುತ್ತದೆ. ಸೂರಿನ ಅಂಚು ಜಾಸ್ತಿ ಹೊರಗೆ ಚಾಚಬಾರದು, ಗಾಳಿ ಕೆಳಗಿನಿಂದ ಎತ್ತುತ್ತದೆ. ಇವು ಅವರಿಗೆ ಗೊತ್ತಿಲ್ಲದ್ದೇನಲ್ಲ. ಬಡಗಿ ಕೆಲಸ ಬಲ್ಲ ಗಂಡಸರು ಅರ್ಧಕ್ಕರ್ಧ ಗಲ್ಫ್‌ನಲ್ಲಿದ್ದರು. ಈ ಸಲ ಸುತ್ತಿಗೆ ಹಿಡಿದವರು ಹೆಂಗಸರು ಮತ್ತು ಹೈಸ್ಕೂಲು ಹುಡುಗರು.

ಹಂಚುವ ಕ್ರಮವನ್ನು ಮಳೆಯೇ ನಿರ್ಧರಿಸಿತು. ಸುಲಭವಾಗಿ ತಲುಪುವ ರಸ್ತೆ ಬದಿಯ ವಾರ್ಡುಗಳಿಗೆ ಮೊದಲು ಕೊಟ್ಟರೆ ವರದಿಯಲ್ಲಿ ಸಂಖ್ಯೆ ಬೇಗ ಏರುತ್ತದೆ. ಆದರೆ ಮಳೆ ಹಿಡಿದ ಮೇಲೆ ಮೇಲಿನ ದಾರಿ ಮುಚ್ಚುತ್ತದೆ. ಹಾಗಾಗಿ ಮೇಲಿನವರಿಗೆ ಮೊದಲು, ರಸ್ತೆಯವರಿಗೆ ಕೊನೆಗೆ. ರಸ್ತೆ ಬದಿಯವರಿಗೆ ಸಿಟ್ಟು ಬಂತು. ಎದುರಿಗೇ ಲಾರಿಗಳು ಹೋಗುತ್ತಿವೆ, ತಮಗಿಲ್ಲ. ಒಂದು ಕಡೆ ದಾರಿಗೆ ಅಡ್ಡ ಕಲ್ಲಿಟ್ಟು ಕೂತರು. ಸುಮ್ನೆ ಕೂತು ಮಾತಾಡಿದ ಮೇಲೆ ಅವರದೇ ಯುವಕರ ಸಂಘದ ಹುಡುಗರು ಮೇಲಕ್ಕೆ ತಗಡು ಹೊರಲು ಬಂದರು, ಕೂಲಿಗೆ. ನಾಮ್ಲೋ ಎಂಬ ಹಗ್ಗದ ಪಟ್ಟಿಯನ್ನು ಹಣೆಗೆ ಕೊಟ್ಟು ಬೆನ್ನ ಮೇಲೆ ಹೊರುತ್ತಾರೆ. ಆ ಕೂಲಿ ದುಡ್ಡು ಊರಿನಲ್ಲೇ ಉಳಿಯಿತು. ತಗಡಿನಷ್ಟೇ ಅದೂ ಬೇಕಾಗಿತ್ತು.

ತಗಡು ಏರಿಸಿದ ಕೂಡಲೇ ಅದರಡಿ ಏನು ಹೋಯಿತು ಎಂದು ನೋಡಿದರೆ, ಹೆಚ್ಚಿನ ಕಡೆ ಮೆಕ್ಕೆಜೋಳದ ಮೂಟೆ ಮತ್ತು ಎಮ್ಮೆ. ಮನೆಯವರು ಹಳೇ ಟಾರ್ಪಾಲಿನಡಿಯೇ ಇದ್ದರು. ನಮ್ಮ ಜೊತೆ ಬಂದಿದ್ದ ಒಬ್ಬ ವಿದೇಶಿ ಅಧಿಕಾರಿಗೆ ಇದು ಸರಿ ಕಾಣಲಿಲ್ಲ. ನನಗೆ ಆಶ್ಚರ್ಯವೇ ಆಗಲಿಲ್ಲ. ಬಿತ್ತನೆ ಭತ್ತ, ರಾಗಿ ಮಣ್ಣಿನಡಿ ಸಿಕ್ಕಿ ನೆಂದರೆ ಮುಂದಿನ ವರ್ಷ ಇಡೀ ಪರಿಹಾರದ ಅಕ್ಕಿಗೆ ಕೈ ಚಾಚಬೇಕು. ಅಲ್ಲಿಯೂ ರಾಗಿ ಬೆಳೆಯುತ್ತಾರೆ, ಢಿಂಡೋ ಅಂತ ತಿರುವುತ್ತಾರೆ, ಥೇಟ್ ಮುದ್ದೆ. ಗಾಳಿಯಾಡದ ಮೂಟೆ, ಪ್ಲಾಸ್ಟಿಕ್ ಡ್ರಮ್ಮು ನಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ. ಜನ ಕೇಳಿದ ಮೇಲೆ ಸೇರಿಸಿದೆವು. ಆಷಾಢ 15, ಅಂದರೆ ಜೂನ್ ಕೊನೆಗೆ, ನೇಪಾಳದಲ್ಲಿ ನಾಟಿಯ ಹಬ್ಬ. ಅವತ್ತು ಹಂಚುವುದು ಇಟ್ಟುಕೊಂಡಿದ್ದ ಕಡೆ ಒಬ್ಬರೂ ಬರುವುದಿಲ್ಲ ಅಂತ ಹುಡುಗಿ ಮೊದಲೇ ಹೇಳಿದ್ದಳು. ಮುಂದೂಡಿದೆವು. ಬಿದ್ದ ಮನೆಗಳ ಮಗ್ಗುಲಲ್ಲೇ ಗದ್ದೆಗಿಳಿದು ಕೆಸರೆರಚಾಡಿ ನಾಟಿ ಮಾಡಿದರು. ನಮಗೂ ಮೊಸರವಲಕ್ಕಿ ಕೊಟ್ಟರು.

ಹೆಂಗಸರು ನನ್ನನ್ನು ಪಕ್ಕಕ್ಕೆ ಕರೆದು ಕೇಳುತ್ತಿದ್ದುದೇ ಬೇರೆ. ಕಕ್ಕಸು ಬಿದ್ದಿದೆ, ಬಯಲಿಗೆ ಹೋಗಬೇಕು, ಇಡೀ ಊರೇ ಬಯಲಲ್ಲಿ ಮಲಗಿದೆ. ಹಾಗಾಗಿ ಕತ್ತಲಾಗುವ ತನಕ ತಡೆದುಕೊಳ್ಳುವುದು, ಅದಕ್ಕೋಸ್ಕರ ನೀರೇ ಕುಡಿಯದಿರುವುದು. ಮುಟ್ಟಿನ ಬಟ್ಟೆ ಒಗೆದು ಒಣಗಿಸಲು ಮರೆ ಇಲ್ಲ. ಒಂದು ಸೋಲಾರ್ ದೀಪ, ನಾಲ್ಕು ಹಾಳೆ ತಗಡಿನ ಮರೆ, ಒಂದು ಗುಂಡಿ. ಇಷ್ಟಕ್ಕೆ ಎಷ್ಟು ಸಮಾಧಾನ! ನೀರಿನ ಕಥೆಯೂ ಹಾಗೇ. ಕಂಪನದ ನಂತರ ಕೆಲವು ಒರತೆ ಬತ್ತಿದವು, ಕೆಲವು ಕೆಳಗೆಲ್ಲೋ ಹೊಸದಾಗಿ ಕೆಸರು ನೀರಾಗಿ ಹೊರಟವು. ಮಳೆ ಶುರುವಾದ ಮೇಲೆ ಬಯಲಿನದೆಲ್ಲ ಆ ಒರತೆಗೇ. ಕ್ಲೋರಿನ್ ಹನಿ ಹಾಕಿದ ನೀರಿನ ವಾಸನೆ ಅಜ್ಜಿಯರಿಗೆ ಆಗುತ್ತಿರಲಿಲ್ಲ. ಸೊಸೆಯಂದಿರು ಅವರಿಗೆ ಕಾಣದ ಹಾಗೆ ಹಾಕುತ್ತಿದ್ದರು.

ಜೂನ್ 10ರ ರಾತ್ರಿ ಪೂರ್ವದ ತಾಪ್ಲೇಜುಂಗ್‌ನಲ್ಲಿ ಗುಡ್ಡಗಳು ಕುಸಿದು ಹತ್ತಾರು ಜನ ಸತ್ತರು. ಅದು ಭೂಕಂಪದ ಜಿಲ್ಲೆಯಲ್ಲ, ತುಂಬಾ ದೂರ. ಆದರೂ ರೇಡಿಯೋದಲ್ಲಿ ಸುದ್ದಿ ಕೇಳಿದ ಮೇಲೆ ನಮ್ಮ ವಾರ್ಡುಗಳಲ್ಲಿ ತಗಡಿನ ಮಾತೇ ಹಿಂದೆ ಬಿತ್ತು. ಇಲ್ಲಿಯವರಿಗೆ ಜುರೆ ನೆನಪಿತ್ತು. ಬಲೆಫಿಯಿಂದ ಹೆದ್ದಾರಿಯಲ್ಲೇ ಇನ್ನಷ್ಟು ಮೇಲೆ ಹೋದರೆ ಸಿಗುವ ಜಾಗ. 2014ರ ಆಗಸ್ಟ್ 2ರಂದು ಅಲ್ಲಿ ಇಡೀ ಗುಡ್ಡ ಸುನ್‌ಕೋಶಿ ನದಿಗೆ ಜಾರಿ 156 ಜನ ಹೋದರು. ನದಿ ಕಟ್ಟಿಕೊಂಡು ಕೆರೆಯಾಯಿತು. ಅದು ಅಲುಗದ ಗುಡ್ಡ, ಬರೀ ಮಳೆಗೆ ಬಂದದ್ದು. ಈಗ ಎರಡು ಸಲ ಅಲುಗಿದೆ.

ಒಂದು ದಿನ ಆ ಹುಡುಗಿಯ ತಾಯಿ ನನ್ನನ್ನು ಮನೆಯ ಮೇಲಿನ ಹುಲ್ಲುಗಾವಲಿಗೆ ಕರೆದುಕೊಂಡು ಹೋದಳು. ಗುಡ್ಡಕ್ಕೆ ಅಡ್ಡಲಾಗಿ ಒಂದು ಬಿರುಕು. ಪಾದ ಇಳಿಯುವಷ್ಟು ಅಗಲ, ಎಷ್ಟು ಆಳವೋ. ಊರಿನವರು ಆಗಲೇ ಅದಕ್ಕೆ ಜೇಡಿಮಣ್ಣು ತುಂಬಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಮೇಲಿನಿಂದ ಬರುವ ನೀರಿಗೆ ಬೇರೆ ಕಡೆ ಕಾಲುವೆ ತೋಡಿದ್ದರು. ಬಿರುಕಿನ ಎರಡೂ ಬದಿ ಗೂಟ ನೆಟ್ಟು ನಡುವೆ ಹಗ್ಗ ಕಟ್ಟಿದ್ದರು. ಹಗ್ಗ ಬಿಗಿಯಾದರೆ ಬಿರುಕು ಅಗಲವಾಗುತ್ತಿದೆ ಎಂದು ಲೆಕ್ಕ. ಅವಳದು ಒಂದೇ ಪ್ರಶ್ನೆ. ಈ ಗುಡ್ಡ ನಿಲ್ಲುತ್ತದಾ?

ಆ ಪ್ರಶ್ನೆಗೆ ಉತ್ತರ ಹೇಳುವವರು ಜಿಲ್ಲೆಯಲ್ಲಿ ಸಿಗುತ್ತಿರಲಿಲ್ಲ. ಭೂಕಂಪದಿಂದ ಸಾವಿರಾರು ಕಡೆ ಗುಡ್ಡ ಜಾರಿತ್ತು. ಬಿರುಕು ಬಿಟ್ಟು ನಿಂತವು ಇನ್ನೆಷ್ಟೋ. ನೋಡಿ ಹೇಳಬಲ್ಲ ಭೂವಿಜ್ಞಾನಿಗಳು ಬೆರಳೆಣಿಕೆ. ಅರ್ಜಿ ಕೊಟ್ಟೆವು, ಸರದಿಯಲ್ಲಿ ಇಟ್ಟರು. ಅಷ್ಟರಲ್ಲಿ ನಮ್ಮಲ್ಲೇ ಜಗಳ. ಬಿರುಕಿನ ಕೆಳಗಿನ ಮನೆಗಳಿಗೆ ತಗಡು ಕೊಡಬೇಕೋ ಬೇಡವೋ? ಕೊಟ್ಟರೆ ಅಲ್ಲೇ ಇರಿ ಎಂದ ಹಾಗೆ. ಕೊಡದಿದ್ದರೆ ನೆನೆಯಿರಿ ಎಂದ ಹಾಗೆ. ಕಾಠ್ಮಂಡು ಕಚೇರಿಯವರು ಜಾಗ ಬದಲಿಸಿದವರಿಗೆ ಮಾತ್ರ ಕೊಡೋಣ ಎಂದರು. ಬದಲಿಸುವುದು ಎಲ್ಲಿಗೆ? ಜಮೀನು ಅಲ್ಲಿ, ಎಮ್ಮೆ ಅಲ್ಲಿ. ಕೆಳಗಿನ ಸಮತಟ್ಟು ಜಾಗಕ್ಕೆ ಬೇರೆ ಒಡೆಯರಿದ್ದಾರೆ. ಅಷ್ಟು ಸುಲಭವಾಗಿ ಎದ್ದು ಹೋಗುವ ಹಾಗಿದ್ದರೆ ನಮ್ಮನ್ನು ಕೇಳಿಕೊಂಡು ಕೂರುತ್ತಿದ್ದರಾ?

ಕೊನೆಗೆ ದಾರಿ ಹುಡುಕಿದವರು ಊರಿನ ಹಿರಿಯರು. ತಗಡು ತೆಗೆದುಕೊಳ್ಳುವುದು, ಮೊಳೆ ಹೊಡೆಯದೆ ತಂತಿಯಲ್ಲಿ ಕಟ್ಟುವುದು. ಹೊರಡಬೇಕು ಎಂದಾಗ ಬಿಚ್ಚಿ ಹೊತ್ತುಕೊಂಡು ಹೋಗಬಹುದು. ಹಗಲು ಮೇಲೆ ಕೆಲಸ. ರಾತ್ರಿ ಜೋರು ಮಳೆ ಹಿಡಿದರೆ ಮುದುಕರು, ಮಕ್ಕಳು ಮೊದಲು ಕೆಳಗಿನ ಶಾಲೆಗೆ. ಮೇ 31ಕ್ಕೆ ಶಾಲೆಗಳು ಮತ್ತೆ ಶುರುವಾಗಿದ್ದವು. ಬಿದಿರು ತಟ್ಟಿಯ ಗೋಡೆ, ತಗಡಿನ ಮಾಡು. ರಾತ್ರಿ ಎಪ್ಪತ್ತು ಎಂಬತ್ತು ಜನ ಅಲ್ಲಿ ಮಲಗಿ ಎದ್ದರೆ ಬೆಳಿಗ್ಗೆ ಮೇಷ್ಟ್ರು ಒದ್ದೆ ಹಾಸಿಗೆಗಳ ನಡುವೆ ಪಾಠ ಮಾಡಬೇಕು. ಅವರ ಗೊಣಗಾಟದಲ್ಲೂ ನ್ಯಾಯ ಇತ್ತು. ಇನ್ನಷ್ಟು ತಗಡು ಕೊಟ್ಟು ಮೈದಾನದ ಅಂಚಿಗೆ ಒಂದು ಉದ್ದನೆಯ ಚಪ್ಪರ ಹಾಕಿಸಿದೆವು. ಅದು ನಮ್ಮ ಯಾವ ಯೋಜನೆಯಲ್ಲೂ ಇರಲಿಲ್ಲ. ಲೆಕ್ಕಪುಸ್ತಕದಲ್ಲಿ 'ಶಾಲೆ ದುರಸ್ತಿ' ಎಂದು ಬರೆದೆ.

ಆ ಮಳೆಗಾಲ ಆ ಗುಡ್ಡ ನಿಂತಿತು. ಭೂವಿಜ್ಞಾನಿಗಳು ಬಂದದ್ದು ಮಳೆ ಮುಗಿದ ಮೇಲೆ. ನಾನು ವಾಪಸ್ ಬಂದ ನಂತರ, ಸೆಪ್ಟೆಂಬರ್ ಕೊನೆಗೆ ಗಡಿಯಲ್ಲಿ ಸರಕು ನಿಂತು ಡೀಸೆಲ್ ಸಿಗದಾಯಿತು. ಚಳಿಗಾಲದ ಕಂಬಳಿಗಳು ಗೋದಾಮಿನಲ್ಲೇ ಉಳಿದವು. ಪುನರ್‌ನಿರ್ಮಾಣಕ್ಕೆ ಪ್ರಾಧಿಕಾರ ಆದದ್ದು ಡಿಸೆಂಬರ್‌ನಲ್ಲಿ. ಮನೆ ಕಟ್ಟಲು ಮೊದಲು ಎರಡು ಲಕ್ಷ, ಆಮೇಲೆ ಮೂರು ಲಕ್ಷ ನೇಪಾಳಿ ರೂಪಾಯಿ, ಅದೂ ಕಂತಿನಲ್ಲಿ. ಒಂದು ಮಳೆಗಾಲಕ್ಕೆ ಎಂದು ಕೊಟ್ಟ ತಗಡಿನಡಿ ಅನೇಕರು ಮೂರು ಮಳೆಗಾಲ ಕಳೆದರು.

2020ರ ಆಗಸ್ಟ್ 14ರ ಬೆಳಿಗ್ಗೆ, ಅದೇ ಜಿಲ್ಲೆಯ ಜುಗಲ್ ಗ್ರಾಮಪಾಲಿಕೆಯ ಲಿದಿ ಎಂಬ ಊರಿನ ಮೇಲೆ ಗುಡ್ಡ ಇಳಿಯಿತು. ಮೂವತ್ತಕ್ಕೂ ಜಾಸ್ತಿ ಜನ ಹೋದರು. ಭೂಕಂಪದಲ್ಲಿ ಬಿರುಕು ಬಿಟ್ಟಿದ್ದ ಗುಡ್ಡವೇ ಅದು. ಸುದ್ದಿ ನೋಡಿದ ಕೂಡಲೇ ಆ ಹುಡುಗಿಗೆ ಫೋನ್ ಮಾಡಿದೆ. ಅವಳು ಕಾಠ್ಮಂಡುವಿನಲ್ಲಿ ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ್ದಳು. ಅವರ ವಾರ್ಡಿನ ಎಂಟು ಮನೆಯವರು ಜಾಗ ಕೊಳ್ಳಲು ಸರಕಾರ ಕೊಟ್ಟ ದುಡ್ಡಿಗೆ ಸಾಲವನ್ನೂ ಸೇರಿಸಿ ಕೆಳಗೆ ನಿವೇಶನ ಮಾಡಿಕೊಂಡಿದ್ದಾರಂತೆ. ಅವರಮ್ಮ ಮಾತ್ರ ಇನ್ನೂ ಮೇಲೆಯೇ. ಯಾಕೆ ಅಂತ ಕೇಳಿದೆ.

'ದಿದಿ, ಕೆಳಗಿನ ನಿವೇಶನದಲ್ಲಿ ಎಮ್ಮೆ ಕಟ್ಟಲು ಜಾಗ ಇಲ್ಲ' ಅಂದಳು. 'ಜೋರು ಮಳೆ ಬಂದರೆ ಅಮ್ಮ ಎಮ್ಮೆ ಹೊಡೆದುಕೊಂಡು ಶಾಲೆಗೆ ಇಳಿಯುತ್ತಾಳೆ. ಹೊಸ ಹೆಡ್‌ಮಾಸ್ಟರ್‌ಗೂ ಈಗ ಅಭ್ಯಾಸ ಆಗಿದೆ.'